ಎದ್ದು ನಿಂತವರ ಲೆಕ್ಕ

೧೮ ಫೆಬ್ರವರಿ

ನನ್ನ ಮುದ್ದಿನ ಸೊಸೆಗೆ,

ನೀನು ಆ ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ತರಬೇತಿಗೆ ಹೋಗಿ ತಿಂಗಳಾಯಿತು. ಫೋನಿನಲ್ಲಿ ಮಾತಾಡುತ್ತಲೇ ಇದ್ದೇವಲ್ಲ, ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಮಾತಾಡುವುದು ನೀನು ಮತ್ತು ನಿನ್ನ ಗಂಡ. ನನ್ನ ಪಾಳಿ ಬರುವ ಹೊತ್ತಿಗೆ "ಅಮ್ಮ ಚೆನ್ನಾಗಿದ್ದಾಳೆ" ಎಂದು ಅವನೇ ಹೇಳಿ ಫೋನ್ ಇಟ್ಟುಬಿಡುತ್ತಾನೆ. ಚೆನ್ನಾಗಿದ್ದೇನೋ ಇಲ್ಲವೋ ಹೇಳಬೇಕಾದವಳು ನಾನು. ಬಸ್ಸಿನಲ್ಲಿ ಕಂಡಕ್ಟರಾಗಿ ಅಷ್ಟು ವರ್ಷ ಕೂಗಿ ಕೂಗಿ ಬದುಕಿದವಳಿಗೆ ನಮ್ಮ ಮನೆಯಲ್ಲಿ ಬಾಯಿ ಬಿಡಲು ಸಂದಿ ಸಿಗುವುದಿಲ್ಲ.

ಅಂದ ಹಾಗೆ, ನಾನು "ನಿನ್ನ ಗಂಡ" ಎಂದು ಬರೆದರೆ ಸಿಟ್ಟು ಬಂದಿದೆ ಎಂದು ತಿಳಿ. ಉಳಿದ ಹೊತ್ತಿನಲ್ಲಿ ಅವನು ನನ್ನ ಮಗ.

ಸಿಟ್ಟಿಗೆ ಕಾರಣ ಹೇಳುತ್ತೇನೆ. ನಮ್ಮ ಮನೆ ಮುಂದಿನ ಕಾಲುವೆಯನ್ನು ಈ ತುದಿಯಿಂದ ಆ ತುದಿಯವರೆಗೂ ಚಪ್ಪಡಿ ಹಾಕಿ ಮುಚ್ಚಿ, ಮೇಲೆ ಅಗಲವಾದ ರಸ್ತೆ ಮಾಡಬೇಕೆಂದು ನಮ್ಮ ನಗರಸಭೆಯ ಅಧ್ಯಕ್ಷರಿಗೆ ಹೊಳೆದಿದೆ. ಅವರಿಗೆ ಹೊಳೆಯುವುದೆಲ್ಲ ರಿಬ್ಬನ್ ಕತ್ತರಿಸುವ ಕೆಲಸಗಳೇ. ಊರೆಲ್ಲ ಅವರನ್ನು ಕತ್ತರಿ ಸಾಹೇಬರು ಎನ್ನುವುದು ಸುಮ್ಮನೆ ಅಲ್ಲ. ಬಸ್‌ಸ್ಟ್ಯಾಂಡಿನ ಒಂದೇ ನಲ್ಲಿಯನ್ನು ಎರಡು ಸಲ ಉದ್ಘಾಟಿಸಿದವರು, ಎರಡು ಸಲವೂ ನೀರು ಬರಲಿಲ್ಲ.

ಸುದ್ದಿ ಕೇಳಿ ನಿನ್ನ ಗಂಡ ಕುಣಿದಾಡುತ್ತಿದ್ದಾನೆ. ಕಾಲುವೆ ದಂಡೆಯ ಸಣ್ಣ ದಾರಿಯಲ್ಲಿ ಲಾರಿ ಬರುವುದಿಲ್ಲ. ಅವನು ಮಾಡಿದ ಪ್ರತಿ ಬೀರುವನ್ನೂ ಸೇತುವೆಯವರೆಗೆ ಹೆಗಲ ಮೇಲೆ ಹೊರಬೇಕು. ರಸ್ತೆ ಆದರೆ ಅಂಗಡಿ ಬಾಗಿಲಿಗೇ ಲಾರಿ. ನಿನ್ನೆ ಊಟಕ್ಕೆ ಕೂತಾಗ, "ಅಮ್ಮ, ನೀನು ಸಭೇಲಿ ಸುಮ್ನೆ ಕೂತಿದ್ರೆ ಸಾಕು, ನಮ್ಮ ಕಷ್ಟ ಕಳೀತು" ಅಂದ. ವಾರ್ಡಿನ ಜನ ನನಗೆ ಓಟು ಹಾಕಿದ್ದು ಸುಮ್ಮನೆ ಕೂರಲಿ ಎಂದೇನಾ? ನಾನು ತಟ್ಟೆ ಎತ್ತಿಕೊಂಡು ಎದ್ದೆ. ನೀನು ಇಲ್ಲಿದ್ದಿದ್ದರೆ ನಮ್ಮಿಬ್ಬರಿಗೂ ಬೈದು ಸುಮ್ಮನಾಗಿಸುತ್ತಿದ್ದೆ.

ಹೊಟ್ಟೆ ತುಂಬ ಉಣ್ಣು. ಸೊರಗಿ ಬಂದರೆ ಮನೆಗೆ ಸೇರಿಸುವುದಿಲ್ಲ.

ನಿನ್ನ ಅತ್ತೆ

*

೨ ಮಾರ್ಚ್

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ನಲ್ಲಿಯ ವಿಷಯಕ್ಕೆ ನಕ್ಕದ್ದು ಕೇಳಿ ಪಕ್ಕದ ಕೋಣೆಯ ಹುಡುಗಿ ನನಗೆ ಪ್ರೇಮಪತ್ರ ಬಂದಿದೆ ಎಂದು ಸುದ್ದಿ ಹಬ್ಬಿಸಿದ್ದಾಳೆ. ಅತ್ತೆಯ ಕಾಗದ ಎಂದರೆ ಯಾರೂ ನಂಬುತ್ತಿಲ್ಲ.

ಇಲ್ಲಿ ಸಮುದ್ರದ ಗಾಳಿ, ಒಗೆದ ಬಟ್ಟೆ ಒಣಗುವುದೇ ಇಲ್ಲ. ಬೆಳಗಿನಿಂದ ಸಂಜೆವರೆಗೂ ಜನರ ಕಣ್ಣಿನೊಳಗೆ ನೋಡುತ್ತೇನೆ. ಪಟ್ಟಿ ಬಿಚ್ಚಿದ ತಕ್ಷಣ ಕೆಲವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ, ತುಂಬ ಹೊತ್ತು. ಅದನ್ನು ನೋಡುವಾಗ ನನಗೆ ನಿಮ್ಮೆಲ್ಲರ ನೆನಪು ಬರುತ್ತದೆ.

ಕಾಲುವೆ ವಿಷಯ. ನೀವು ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ಬೀರು ಹೊತ್ತ ದಿನ ನಿಮ್ಮ ಮಗನ ಭುಜ ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲ, ಅತ್ತೆ. ನಿಮ್ಮೆದುರು ಅವರು ಅಂಗಿ ಬಿಚ್ಚುವುದಿಲ್ಲ. ಎಣ್ಣೆ ಹಚ್ಚುವವಳು ನಾನು, ನನಗೆ ಗೊತ್ತು. ಹೀಗೇ ಹೊತ್ತರೆ ಇನ್ನು ಕೆಲವೇ ವರ್ಷಕ್ಕೆ ಕೈ ಮೇಲೆತ್ತಲಾಗುವುದಿಲ್ಲ. ಅವರಿಗೆ ರಸ್ತೆ ಬೇಕಿರುವುದು ದುರಾಸೆಗಲ್ಲ.

ಹಾಗಂತ ಆ ದಂಡೆಯ ಮೆಟ್ಟಿಲ ಮೇಲೆ ನೀವೂ ನಾನೂ ಕಾಲು ಇಳಿಬಿಟ್ಟು ಕೂತು ಊರಿನವರನ್ನೆಲ್ಲ ಆಡಿಕೊಂಡದ್ದು ಮರೆತಿಲ್ಲ. ನನಗೇ ಗೊಂದಲ. ಸಭೆಯಲ್ಲಿ ಕೂರುವವಳು ನಾನಲ್ಲವಲ್ಲ, ಬಚಾವಾದೆ. ನೀವು ಏನು ಮಾಡುತ್ತೀರಿ?

ನಿಮ್ಮ ಸೊಸೆ

*

೨೪ ಮಾರ್ಚ್

ಸೊಸೆಯೇ,

ಭುಜದ ಸಂಗತಿ ಓದಿ ಕಾಗದ ಮಡಚಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ನೆಪ ಮಾಡಿಕೊಂಡು ಅಂಗಡಿಗೆ ಇಳಿದು ಹೋದೆ. ನನ್ನ ಮಗ (ನೋಡು, ಹೇಗೆ ಬರೆದೆ) ಎಡಗೈಯಲ್ಲಿ ಗರಗಸ ಹಿಡಿದು ಮರ ಕೊಯ್ಯುತ್ತಿದ್ದ. "ಯಾಕೋ ಎಡಗೈ?" ಅಂದೆ. "ಅಭ್ಯಾಸ ಇರ್ಲಿ ಅಂತ" ಅಂದ. ಸುಳ್ಳು ಹೇಳುವುದರಲ್ಲಿ ಅವನಪ್ಪನ ಹಾಗೇ, ಮುಖ ನೋಡುವುದಿಲ್ಲ.

ಗಾಳಿ ಶುರುವಾಗಿದೆ. ಬೋಳು ಗುಡ್ಡಗಳ ನಡುವಿನ ಈ ಬಾಣಲೆಯಲ್ಲಿ ಊರು ಕಟ್ಟಿದವರು ಯಾವ ಪುಣ್ಯಾತ್ಮರೋ. ಮಧ್ಯಾಹ್ನವಾದರೆ ಕೆಂಪು ದೂಳು, ಬಾಗಿಲು ಕಿಟಕಿ ಹಾಕಿಕೊಂಡು ಕೂತರೂ ಹಲ್ಲಲ್ಲಿ ಕರಕರ. ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ನಿನ್ನೆ ಅಂಚೆಯವನೂ ಹಾಲಿನವನೂ ಯಾರು ಮೊದಲು ಬೆಲ್ ಒತ್ತಿದ್ದು ಎಂದು ನಮ್ಮ ಬಾಗಿಲಲ್ಲೇ ಕೈ ಕೈ ಮಿಲಾಯಿಸಿದರು.

ಇದಕ್ಕೇ ನಮ್ಮ ನಗರಸಭೆಯಲ್ಲಿ ಹಳೆಯ ಪದ್ಧತಿಯೊಂದಿದೆ, ನಿನಗೆ ಗೊತ್ತಿರಲಾರದು. ಗಾಳಿ ತಿಂಗಳುಗಳಲ್ಲಿ ಬೀದಿ ದೀಪ, ಚರಂಡಿ ಬಿಟ್ಟು ದೊಡ್ಡ ತೀರ್ಮಾನ ಮಾಡುವಂತಿಲ್ಲ. ಯಾವುದೋ ಕಾಲದಲ್ಲಿ ಮೇಲಿನ ಪೇಟೆಯವರೂ ಕೆಳಗಿನ ಪೇಟೆಯವರೂ ಹೀಗೇ ಗಾಳಿಯಲ್ಲಿ ಸಭೆ ಸೇರಿ, ಜಗಳವಾಗಿ, ನಡುಬೀದಿಗೆ ಅಡ್ಡವಾಗಿ ಗೋಡೆ ಕಟ್ಟಲು ನಿರ್ಣಯ ಮಾಡಿದರಂತೆ. ಮಳೆ ಬಂದ ಮೇಲೆ ಯಾರಿಗೂ ಯಾಕೆ ಎಂದು ನೆನಪಿಲ್ಲ. ಪೇಟೆಯ ಚಹಾ ಅಂಗಡಿ ಒರಗಿ ನಿಂತಿರುವ ಆ ಮೋಟು ಗೋಡೆ ಅದೇ.

ಕತ್ತರಿ ಸಾಹೇಬರು ಪದ್ಧತಿ ಮುರಿದು ಮುಂದಿನ ತಿಂಗಳ ಕೊನೆಗೆ ಸಭೆ ಕರೆದಿದ್ದಾರೆ. ಪೂರ್ವಭಾವಿ ಸಭೆ ಎಂದು ನಿನ್ನೆ ಕರೆದಿದ್ದರು. ನಮ್ಮ ಸದಸ್ಯರಲ್ಲೊಬ್ಬರಾದ ಇತಿಹಾಸದ ಮೇಷ್ಟ್ರು ಎದ್ದು ನಿಂತು ಯಥಾಪ್ರಕಾರ ಹಳೆಯ ಬೆಂಕಿಯಿಂದ ಶುರುಮಾಡಿದರು. ಮರದ ಮನೆಗಳೆಲ್ಲ ಗಾಳಿಗೆ ಹತ್ತಿಕೊಂಡು ಊರೇ ಸುಟ್ಟಿತು, ಆಮೇಲೆ ಮನೆಗೊಬ್ಬರಂತೆ ಬಂದು ಕಾಲುವೆ ತೋಡಿದರು, ಇದು ನಮ್ಮ ಹಿರಿಯರ ಬೆವರು, ಎಂದೆಲ್ಲ.

"ಈಗ ಬೆಂಕಿ ಆರಿಸೋ ಗಾಡಿ ಇದೆಯಲ್ಲ ಮೇಷ್ಟ್ರೇ," ಅಂದರು ಸಾಹೇಬರು.

"ಆ ಗಾಡಿ ಕಾಲುವೆ ಬೀದಿಗೆ ತೂರಲ್ಲವಲ್ಲ ಸ್ವಾಮಿ."

"ಅದಕ್ಕೇ ತಾನೆ ನಾನು ರಸ್ತೆ ಬೇಕು ಅಂತಿರೋದು!"

ಮೇಷ್ಟ್ರು ಕೂತುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನಮ್ಮ ಸಭೆಯಲ್ಲಿ ಕೈ ಎತ್ತುವುದಿಲ್ಲ. ಒಪ್ಪಿದವರು ಕೂತಿರಬೇಕು, ಒಪ್ಪದವರು ಎದ್ದು ನಿಲ್ಲಬೇಕು. ಈ ನಿಯಮ ಮಾಡಿದವನು ಯಾರೋ ಜಾಣ ಅಧ್ಯಕ್ಷನೇ ಇರಬೇಕು, ಕೂತಿರುವುದು ಯಾರಿಗೆ ಕಷ್ಟ? ನಾನೂ ಕೂತಿರುತ್ತೇನೆ. ಕಾಲುವೆ ಮುಚ್ಚುವುದು ನನಗೆ ಒಂದಿಷ್ಟೂ ಇಷ್ಟವಿಲ್ಲ. ಆದರೆ ಹೆತ್ತವಳು ನಾನು. ಅವನು ಎಡಗೈಯಲ್ಲಿ ಕೊಯ್ಯುವುದನ್ನು ನೋಡಿಕೊಂಡು ಹೇಗೆ ಏಳಲಿ? ಇದನ್ನು ಅವನಿಗೆ ಹೇಳಿಲ್ಲ. ಸ್ವಲ್ಪ ದಿನ ಚಡಪಡಿಸಲಿ.

ಅತ್ತೆ

*

೪ ಮೇ

ಮಗಳೇ,

ನಿನಗೆ ಪರೀಕ್ಷೆ ಎಂದು ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ. ಫೋನಿನಲ್ಲಿ ನಿನ್ನ ಗಂಡ ಹೇಳಿದ್ದನ್ನು ನಂಬಬೇಡ, ಅವನು ಅಲ್ಲಿರಲಿಲ್ಲ.

ಸಭೆ ಇದ್ದ ದಿನ ಗಾಳಿಯೆಂದರೆ ಗಾಳಿ. ಸಭಾಂಗಣದ ಕಿಟಕಿಗಳನ್ನೆಲ್ಲ ಭದ್ರ ಮಾಡಿದ್ದರು. ಒಳಗೆ ನಾವೆಲ್ಲ ಬೆಂದು ಹೋಗಿದ್ದೆವು. ಸಾಹೇಬರು ರಸ್ತೆಯ ಗುಣಗಾನ ಮಾಡಿ ಮಾಡಿ ಬೆವರು ಒರೆಸಿಕೊಂಡು, ಕೊನೆಗೆ, "ಈ ನಿರ್ಣಯವನ್ನು ಒಪ್ಪದವರು ಎದ್ದು ನಿಲ್ಲಬಹುದು" ಅಂದರು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದೆ. ಯಾರೂ ಅಲ್ಲಾಡಲಿಲ್ಲ. ಮೇಷ್ಟ್ರು ಮಾತ್ರ ಏಳಲೋ ಬೇಡವೋ ಎಂದು ಕನ್ನಡಕ ತೆಗೆದು ಹಾಕಿ ಮಾಡುತ್ತಿದ್ದರು.

ಆಗ ವಾಸನೆ ಬಂತು, ಸೊಸೆಯೇ. ಕಿಟಕಿಯ ಸಂದಿಯಿಂದ ಒದ್ದೆ ಮಣ್ಣಿನ ವಾಸನೆ. ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಹೆಂಚಿನ ಮೇಲೆ ಟಪಟಪ, ನೋಡು ನೋಡುತ್ತಿದ್ದ ಹಾಗೆ ಧೋ ಎಂದು ಸುರಿಯಿತು. ಇಡೀ ಸಭೆ ದಡಬಡನೆ ಎದ್ದು ಕಿಟಕಿಗೆ ಓಡಿತು! ಆಡಳಿತದವರು, ವಿರೋಧದವರು, ನಾನು, ಮೇಷ್ಟ್ರು, ಎಲ್ಲರಿಗಿಂತ ಮುಂದೆ ಕತ್ತರಿ ಸಾಹೇಬರು, ಮಳೆಯನ್ನೂ ಉದ್ಘಾಟಿಸಲು ಹೋದರೇನೋ. ಕಿಟಕಿ ತೆಗೆದು ಕೈ ಹೊರಗೆ ಚಾಚಿ ನಿಂತೆವು. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿರುವುದನ್ನು ಮರೆತು, "ಬಂತಲ್ರೀ, ಬಂದೇ ಬಿಡ್ತಲ್ರೀ" ಎಂದು ನನ್ನ ಬೆನ್ನು ಬಡಿದರು.

ನೆನೆದ ಮುಖ ಹೊತ್ತು ವಾಪಸು ಬಂದರೆ ಕಾರ್ಯದರ್ಶಿ ಒಬ್ಬರೇ ಕೂತು ಬರೆಯುತ್ತಿದ್ದರು. ನೆಟ್ಟಗೆ ಎದ್ದು ಓದಿದರು: "ಮಾನ್ಯ ಅಧ್ಯಕ್ಷರೂ ಸೇರಿದಂತೆ ಎಲ್ಲ ಸದಸ್ಯರೂ ಎದ್ದು ನಿಂತ ಕಾರಣ ನಿರ್ಣಯವು ಸರ್ವಾನುಮತದಿಂದ ತಿರಸ್ಕೃತವಾಗಿದೆ."

"ರೀ, ನಾವು ಮಳೆ ನೋಡೋಕೆ ಎದ್ವಿ ಕಣ್ರೀ!" ಎಂದು ಸಾಹೇಬರು ಕೂಗಿದರು.

"ಯಾಕೆ ಎದ್ರಿ ಅಂತ ಬರೆಯೋ ಪದ್ಧತಿ ಇಲ್ಲ ಸಾರ್. ಎದ್ರೋ ಇಲ್ವೋ, ಅಷ್ಟೇ."

ಪತ್ರಿಕೆಯವರು ಹಿಂದೆಯೇ ಕೂತಿದ್ದರು. ಬೆಳಿಗ್ಗೆ ಮುಖಪುಟದಲ್ಲಿ "ಒಗ್ಗಟ್ಟಿನಿಂದ ಕಾಲುವೆ ಉಳಿಸಿದ ನಗರಸಭೆ" ಎಂದು ಬಂತು. ಜನ ಸಾಹೇಬರ ಮನೆಗೇ ಹೋಗಿ ಚಪ್ಪಾಳೆ ತಟ್ಟಿದರಂತೆ. ಅವರು ಮಹಡಿಯಿಂದ ಕೈ ಬೀಸಿದರಂತೆ, ಸಿಕ್ಕ ಚಪ್ಪಾಳೆ ಯಾರು ಬಿಡುತ್ತಾರೆ?

ನನ್ನ ಮಗ ಮುಖ ಊದಿಸಿಕೊಂಡು ತಿರುಗುತ್ತಿದ್ದಾನೆ. "ನಾನು ಮಳೆ ನೋಡೋಕೆ ಎದ್ದೆ ಕಣೋ" ಅಂದರೆ ನಂಬುವುದಿಲ್ಲ. ಪರೀಕ್ಷೆ ಹೇಗಾಯಿತು?

ಅತ್ತೆ

*

೧೩ ಮೇ

ಅತ್ತೆ,

ನಿಮ್ಮ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರೊಬ್ಬರು ನಕ್ಕು ನಕ್ಕು, ದೊಡ್ಡ ನರ್ಸ್ ಬಂದು "ಹೊಲಿಗೆ ಬಿಚ್ಚಿಕೊಂಡೀತು" ಎಂದು ನನಗೆ ಬೈದರು. ಪರೀಕ್ಷೆ ಚೆನ್ನಾಗಿಯೇ ಆಯಿತು.

ಒಂದು ಮಾತು. ಕಾಗದದಲ್ಲಿ ಅಷ್ಟು ನಗಿಸಿದಿರಿ, ಆದರೆ ನಿರ್ಣಯ ಬಿದ್ದದ್ದು ನಿಮಗೆ ಸಂತೋಷವೋ ದುಃಖವೋ ಎಲ್ಲೂ ಬರೆದಿಲ್ಲ. ನಿಮ್ಮ ಮಗನೂ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಹೇಳುತ್ತಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಊಟ ಮಾಡುತ್ತಿದ್ದೀರಿ ತಾನೆ?

ನಿಮ್ಮ ಸೊಸೆ

*

೧೧ ಜೂನ್

ಸೊಸೆಯೇ,

ಒಂದೇ ಮನೆಯಲ್ಲಿ ಮಾಡುತ್ತೇವೆ, ಬೇರೆ ಬೇರೆ ಹೊತ್ತಿನಲ್ಲಿ. ನಿನ್ನ ಹತ್ತಿರ ಮುಚ್ಚಿಡುವುದು ಕಷ್ಟ, ಕಣ್ಣಿನೊಳಗೆ ನೋಡುವ ಕೆಲಸ ಕಲಿತಿದ್ದೀಯ.

ಸಂತೋಷವಾಯಿತು. ನಾಚಿಕೆಯೂ ಆಯಿತು. ಮಳೆ ಬಂದ ಮಾರನೆಯ ದಿನ ಕೆಳಗಿನ ಬೀದಿಯ ಹಾಸಿಗೆ ಹೊಲಿಯುವ ಅಜ್ಜಿ ಮನೆ ಹುಡುಕಿಕೊಂಡು ಬಂದಳು. ತಗಡಿನ ಮಾಡಿನ ಕೋಣೆ ಅವಳದು. ಗಾಳಿ ತಿಂಗಳಲ್ಲಿ ಒಳಗೆ ಕೂರಲಾಗದೆ ಕಾಲುವೆಯ ಮೆಟ್ಟಿಲಲ್ಲಿ ನೀರಿಗೆ ಕಾಲು ಬಿಟ್ಟುಕೊಂಡೇ ದಿನವಿಡೀ ಹೊಲಿಯುತ್ತಾಳೆ. ನನ್ನೆರಡೂ ಕೈ ಹಿಡಿದು, "ನೀನು ಎದ್ದು ನಿಂತೆಯಂತೆ ತಾಯಿ. ಬೇಸಿಗೇಲಿ ನಾವು ಬದುಕೋದೇ ಆ ನೀರಿನ ಹತ್ರ" ಅಂದಳು. ನಾನು ಮಳೆ ನೋಡಲು ಎದ್ದವಳು, ಇಲ್ಲದಿದ್ದರೆ ಕೂತೇ ಇರುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವಳ ಕೈ ನನ್ನ ಕೈಯೊಳಗೆ ಹಾಗೇ ಇತ್ತು. ಟಿಕೆಟ್ ಹರಿದುಕೊಟ್ಟಾಯಿತು, ಇನ್ನು ಬಸ್ಸು ಹೊರಡಿಸದೆ ಗತಿಯಿಲ್ಲ ಅನ್ನಿಸಿತು.

ಹೊರಡಿಸುವ ದಿನವೂ ಬಂದಿದೆ. ಚಪ್ಪಾಳೆ ತಣ್ಣಗಾದ ಮೇಲೆ ಸಾಹೇಬರಿಗೆ ರಸ್ತೆ ಮತ್ತೆ ನೆನಪಾಗಿದೆ. ಆದರೆ ಎಲ್ಲರೂ ಸೇರಿ ಬೀಳಿಸಿದ ನಿರ್ಣಯವನ್ನು ಮತ್ತೆ ಎತ್ತಬೇಕಾದರೆ ಎಲ್ಲರೂ ಒಪ್ಪಬೇಕಂತೆ. ಒಬ್ಬರು ಎದ್ದರೂ ಮುಗಿಯಿತು. ಕಾರ್ಯದರ್ಶಿ ಹೇಳಿದ ನಿಯಮ, ಅದಕ್ಕೆ ಮೇಲ್ಮನವಿ ಇಲ್ಲ. ಉಳಿದವರೆಲ್ಲ ಒಪ್ಪಿದ್ದಾರೆ. ಮೇಷ್ಟ್ರ ಕಾಲೇಜಿನ ಮುಂದಿನ ರಸ್ತೆಗೆ ಅವರ ಗುರುಗಳ ಹೆಸರಿಡುತ್ತಾರಂತೆ, ಅವರೂ ತಣ್ಣಗಾದರು. ಉಳಿದವಳು ನಾನು.

ಸಾಹೇಬರು ಮನೆಗೇ ಬಂದಿದ್ದರು. ನನ್ನ ಚಹಾವನ್ನು ಹೊಗಳಿದರು. ಅಲ್ಲಿಗೇ ಗೊತ್ತಾಯಿತು, ಈ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ ಎಂದು. "ನಿಮ್ಮ ಮಗನ ಅಂಗಡಿ ಮುಂದೇನೇ ರಿಬ್ಬನ್ ಕಟ್ಟಿಸ್ತೀನಿ" ಅಂದರು. ನನ್ನ ಮಗ ಬಾಗಿಲಲ್ಲಿ ನಿಂತಿದ್ದ. ಅವರು ಹೋದ ಮೇಲೆ, "ಎಲ್ಲರಿಗೂ ಅಮ್ಮ ಮನೇಲಿರ್ತಾಳೆ, ನನಗೆ ಮಾತ್ರ ಸಭೇಲಿದ್ದಾಳೆ" ಎಂದು ಹೇಳಿ ಇಳಿದು ಹೋದ. ಅಂದಿನಿಂದ ಮಾತಿಲ್ಲ.

ನಾನು ಎದ್ದರೆ ನನ್ನ ಮಗನ ಭುಜವನ್ನು ನಾನೇ ಮುರಿದ ಹಾಗೆ. ಕೂತರೆ ಆ ಅಜ್ಜಿಯ ಮುಖ ನೋಡುವ ಹಾಗಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಕಣೇ. ನೀನು ಹೇಳಿದ ಹಾಗೆ ಮಾಡುತ್ತೇನೆ. ಹೇಳು.

ಅತ್ತೆ

*

೧೯ ಜೂನ್

ಅತ್ತೆ,

ಹೇಳುವುದಿಲ್ಲ. ಮೂರು ಕಾಗದ ಬರೆದು ಹರಿದೆ. ಒಂದರಲ್ಲಿ ಏಳಿ ಎಂದಿದ್ದೆ, ಒಂದರಲ್ಲಿ ಕೂರಿ ಎಂದಿದ್ದೆ, ಇನ್ನೊಂದರಲ್ಲಿ ಬರೀ ಅತ್ತಿದ್ದೆ. ನಾನು ಹೇಳಿದರೆ ನಾಳೆ ನಿಮಗೂ ಅವರಿಗೂ ಬೈಯಲು ನಾನು ಸಿಗುತ್ತೇನೆ. ಅದು ನಿಮಗೆ ಸುಲಭ, ಆದರೆ ನೀವು ಸುಲಭಕ್ಕೆ ಬಾಗುವ ಹೆಂಗಸಲ್ಲ.

ನನ್ನ ಕೈಲಿ ಹೇಳಲಾಗುವುದು ಇಷ್ಟು. ನೀವು ಕೂತರೂ ನಿಂತರೂ ತರಬೇತಿ ಮುಗಿದ ದಿನ ನಾನು ಬಸ್ಸು ಹತ್ತಿ ಬರುವುದು ನಿಮ್ಮ ಮನೆಗೇ. ಅವರ ಭುಜಕ್ಕೆ ಎಣ್ಣೆ ಹಚ್ಚುವುದೂ ನಾನೇ. ಇಲ್ಲಿನ ಡಾಕ್ಟರೊಬ್ಬರನ್ನು ಕೇಳಿದ್ದೇನೆ, ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಬೀರು ಹೊರುವುದನ್ನು ಬಿಡಿಸಿ ಎಂದೂ ಹೇಳಿದ್ದಾರೆ. ಅದನ್ನು ನಿಮ್ಮಿಂದ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ.

ನಿಮ್ಮ ಮಗಳೂ ಆದ ಸೊಸೆ

*

೭ ಜುಲೈ

ಇವಳೇ,

ನಾನು ಕಾಗದ ಬರೆಯುವವನಲ್ಲ ಎಂದು ನಿನಗೆ ಗೊತ್ತು. ಅಮ್ಮನೇ ಬರೆಯಬೇಕಿತ್ತು. ನಿನ್ನೆಯಿಂದ ಪೆನ್ನು ಹಿಡಿದು ಕೂತು, ಆಗಲ್ಲ ಕಣೋ, ನೀನೇ ಬರಿ ಎಂದು ನನ್ನ ಕೈಗೆ ಕೊಟ್ಟಿದ್ದಾಳೆ. ಫೋನಿನಲ್ಲಿ ಇಷ್ಟೆಲ್ಲ ಹೇಳುವುದು ನನ್ನಿಂದಾಗದು.

ನಿನ್ನೆ ಸಭೆ ಇತ್ತು. ನಾನು ಗ್ಯಾಲರಿಯಲ್ಲಿ ಕೂತಿದ್ದೆ. ಅಮ್ಮನಿಗೆ ಹೇಳಿರಲಿಲ್ಲ. ನನ್ನ ಕಣ್ಣೆದುರೇ ಅವಳು ಹೇಗೆ ಏಳುತ್ತಾಳೋ ನೋಡೇಬಿಡೋಣ ಎಂಬ ಹಟದಿಂದಲೇ ಹೋಗಿದ್ದೆ. ಇದನ್ನು ನಿನಗೆ ಹೇಳಲು ನಾಚಿಕೆಯಿಲ್ಲ. ಅಷ್ಟು ವರ್ಷ ಕಾದಿದ್ದೇನೆ ಆ ರಸ್ತೆಗೆ.

ಸಾಹೇಬರು "ಒಪ್ಪದವರು ಏಳಬಹುದು" ಅಂದರು. ಅಂದವರೇ ಮುಂದಿನ ಕಾಗದ ಕೈಗೆತ್ತಿಕೊಂಡರು, ಮುಗಿಯಿತು ಎನ್ನುವ ಹಾಗೆ. ಅಮ್ಮ ಮೊದಲ ಸಾಲಿನಲ್ಲಿದ್ದಳು, ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಮುಂದಕ್ಕೆ ಬಾಗಿತು. ಮೇಜು ಹಿಡಿದುಕೊಂಡಳು, ಎದ್ದಳು. ಎಲ್ಲರೂ ತಿರುಗಿ ನೋಡಿದರು. ಯಾರೋ "ಕೂತ್ಕೊಳಮ್ಮ ಸಾಕು" ಅಂದರು, ಯಾರೋ ನಕ್ಕರು. ಸಾಹೇಬರು, "ಮಳೆ ಏನೂ ಬರ್ತಿಲ್ವಲ್ಲಮ್ಮ?" ಅಂದರು. ಇಡೀ ಸಭೆ ನಕ್ಕಿತು.

"ಇಲ್ಲ ಸ್ವಾಮಿ, ಬಿಸಿಲಿದೆ," ಅಂದಳು ಅಮ್ಮ. "ಗೊತ್ತಿದ್ದೇ ಎದ್ದಿದ್ದೀನಿ." ಬಸ್ಸಿನ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಗಂಟಲು ಅದು, ಅಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಕೈ ಮೇಜು ಬಿಟ್ಟಿರಲಿಲ್ಲ.

ಆಮೇಲೆ ಏನಾಯಿತೆಂದರೆ ನಾನು ಎದ್ದಿದ್ದೆ. ಯಾವಾಗ ಎದ್ದೆನೋ ತಿಳಿಯದು. ಬೆಂಚು ಕಿರ್ ಎಂದಿತು, ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿ, "ಗ್ಯಾಲರಿಯವರು ಕೂತ್ಕೊಳಿ. ನಿಮ್ಮನ್ನ ಲೆಕ್ಕಕ್ಕೆ ಹಿಡಿಯಲ್ಲ" ಅಂದರು.

"ಲೆಕ್ಕಕ್ಕಲ್ಲ ಸಾರ್," ಎಂದೆ. "ಅಮ್ಮ ಒಬ್ಬಳೇ ನಿಂತಿದ್ದಾಳೆ."

ಅಮ್ಮ ತಿರುಗಲಿಲ್ಲ. ಅವಳ ಬೆನ್ನು ಮಾತ್ರ ನೆಟ್ಟಗಾಯಿತು. ಕಾರ್ಯದರ್ಶಿ ಬರೆದು ಮುಗಿಸುವವರೆಗೂ ಇಬ್ಬರೂ ಹಾಗೇ ನಿಂತಿದ್ದೆವು. ನಿರ್ಣಯ ಬಿದ್ದಿತು. ನನ್ನ ರಸ್ತೆ ಹೋಯಿತು.

ಮನೆಗೆ ನಡೆದು ಬಂದೆವು. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು.

"ಕೋಪಾನಾ?"

"ಹೂಂ."

"ತುಂಬಾನಾ?"

"ಹೂಂ."

"ಮತ್ಯಾಕೋ ಎದ್ದೆ?"

"ಕೋಪ ಬಂದಿದೆ ಅಂತ ನಿನ್ನೊಬ್ಬಳನ್ನೇ ನಿಲ್ಲಿಸಿ ನಾನು ಕೂತಿರೋಕಾಗುತ್ತಾ?" ಎಂದೆ. ಅಮ್ಮ ನಡುಬೀದಿಯಲ್ಲಿ ನಿಂತು ಅತ್ತಳು, ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ನನಗೆ ಏನು ಮಾಡಬೇಕೋ ತೋಚದೆ ಅವಳ ಚೀಲ ಇಸಿದುಕೊಂಡೆ.

ಕೋಪ ಇನ್ನೂ ಇದೆ, ನಿನಗೂ ಹೇಳಿರುತ್ತೇನೆ. ಈಗ ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಎರಡು ತಟ್ಟೆ ಒಟ್ಟಿಗೇ ಹಾಕಿದ್ದಾಳೆ, ಹೋಗುತ್ತೇನೆ.

ನಿನ್ನ ಗಂಡ